ದಸ್ತಾವೇಜು ದತ್ತಸಂಚಯಗಳ ಬೋಧನಕ್ರಮ: ಒಂದು ವಿಮರ್ಶೆ

ದತ್ತಸಂಚಯ, ಎಂದರೆ ಡೇಟಾಬೇಸ್, ಎಂಬ ವಿಷಯವು ನಮ್ಮ ಕಾಲೇಜುಗಳ ಪಠ್ಯಕ್ರಮದಲ್ಲಿ ಬಹುಕಾಲ ಕೋಷ್ಟಕಗಳ ವಿಷಯವೇ ಆಗಿದ್ದಿತು. ಸಾಲು, ಕಂಬ, ಅವುಗಳನ್ನು ಬೆಸೆಯುವ ಕೀಲಿ, ಇವುಗಳಿಂದ ಆರಂಭವಾಗದ ಪುಸ್ತಕವೇ ಇರಲಿಲ್ಲ. 2009ರಲ್ಲಿ ಮಾಂಗೋಡಿಬಿ ಎಂಬ ತಂತ್ರಾಂಶವು ಬಿಡುಗಡೆಯಾಗಿ ಬಳಕೆಗೆ ಬಂದ ಮೇಲೆ ಇದಕ್ಕೆ ಸರಿಸಮನಾಗಿ ಇನ್ನೊಂದು ಅಧ್ಯಾಯವು ಸೇರಿಕೊಂಡಿದೆ. ದತ್ತಾಂಶವನ್ನು ಕೋಷ್ಟಕಗಳಾಗಿ ಬಿಡಿಸದೆ, ಒಂದೊಂದು ವಿಷಯವನ್ನೂ ಒಂದೊಂದು ಇಡಿಯ ದಸ್ತಾವೇಜಾಗಿ ಕಾಪಾಡುವ ಈ ವಿಧಾನವನ್ನು ದೊಡ್ಡ ವ್ಯಾಪಾರಸಂಸ್ಥೆಗಳು ಕೈಕೊಂಡಿರುವುದರಿಂದ ವಿದ್ಯಾರ್ಥಿಗಳು ಇದನ್ನು ಕಲಿಯಬೇಕಾದುದು ಅವಶ್ಯಕವೇ ಸರಿ. ಆದರೆ ಇದನ್ನು ಕಲಿಸುತ್ತಿರುವ ರೀತಿಯಲ್ಲಿ ಒಂದು ಮುಖ್ಯ ದೋಷವು ಕಾಣಬರುತ್ತದೆ. ಆ ದೋಷದ ಸ್ವರೂಪವನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಚಲಿತವಾಗಿರುವ ಪ್ರವೇಶಪಾಠಗಳಲ್ಲಿ ಬಹುಪಾಲು ಒಂದೇ ಜಾಡಿನಲ್ಲಿ ನಡೆಯುತ್ತವೆ. ಮೊದಲು ತಂತ್ರಾಂಶವನ್ನು ಯಂತ್ರದಲ್ಲಿ ಸ್ಥಾಪಿಸುವ ವಿಧಾನ. ಅನಂತರ ದಸ್ತಾವೇಜನ್ನು ಸೇರಿಸುವ, ಹುಡುಕುವ, ತಿದ್ದುವ, ಅಳಿಸುವ ನಾಲ್ಕು ಆಜ್ಞೆಗಳು. ನಡುವೆ, ಇಲ್ಲಿ ಸ್ಕೀಮಾ ಎಂಬ ರಚನಾನಿಯಮದ ಅಗತ್ಯವಿಲ್ಲ, ಬಂದ ದತ್ತಾಂಶವನ್ನು ಬಂದ ಹಾಗೆಯೇ ಇಡಬಹುದು ಎಂಬ ಆಶ್ವಾಸನೆ. ಈ ಆಶ್ವಾಸನೆಯೇ ವಿದ್ಯಾರ್ಥಿಯ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಿಲ್ಲುತ್ತದೆ. ಆಜ್ಞೆಗಳನ್ನು ಮರೆತರೆ ಪುಸ್ತಕವನ್ನು ತೆರೆದು ನೋಡಬಹುದು. ಮೊದಲ ದಿನವೇ ಬೇರೂರಿದ ಭಾವನೆಯನ್ನು ಕೀಳುವುದು ಸುಲಭವಲ್ಲ.

ಒಂದು ನೈಜ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಜಿ.ಎಸ್.ಟಿ. ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದಿತು. ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿಗಳನ್ನು ಮೀರಿದ ವರ್ತಕರು ಇತರ ವರ್ತಕರಿಗೆ ಮಾಡಿದ ಮಾರಾಟದ ಬಿಲ್ಲನ್ನು ವಿದ್ಯುನ್ಮಾನ ರೂಪದಲ್ಲಿ ನೋಂದಾಯಿಸತಕ್ಕದ್ದೆಂಬ ನಿಯಮವು 2020ರ ಅಕ್ಟೋಬರ್ 1ರಿಂದ ಆಚರಣೆಗೆ ಬಂದು, ಹಂತಹಂತವಾಗಿ ವಿಸ್ತಾರಗೊಂಡು, 2023ರ ಆಗಸ್ಟ್ 1ರಿಂದ 5 ಕೋಟಿಯನ್ನು ಮೀರಿದವರಿಗೂ ಅನ್ವಯವಾಯಿತು. ಈ ಬಿಲ್ಲು ಜೇಸನ್ ಎಂಬ ರೂಪದಲ್ಲಿರುತ್ತದೆ. ಮಾರಿದವನು, ಕೊಂಡವನು, ಸರಕಿನ ಒಂದೊಂದು ಬಾಬು, ಅದರ ಪ್ರಮಾಣ, ದರ, ತೆರಿಗೆ, ಎಲ್ಲವೂ ಒಂದರೊಳಗೊಂದು ಅಡಕವಾಗಿರುವ ಒಂದೇ ದಸ್ತಾವೇಜು ಅದು. ಕೋಷ್ಟಕಗಳ ಪದ್ಧತಿಯಲ್ಲಿ ಇದನ್ನೇ ಇಡಬೇಕಾದರೆ ಬಿಲ್ಲಿನ ತಲೆಬರಹಕ್ಕೊಂದು, ಬಾಬುಗಳಿಗೊಂದು, ಗಿರಾಕಿಗಳಿಗೊಂದು, ಸರಕುಗಳಿಗೊಂದು ಎಂದು ಕಡೆಯ ಪಕ್ಷ ನಾಲ್ಕು ಕೋಷ್ಟಕಗಳು ಬೇಕು. ಓದುವಾಗ ಅವನ್ನು ಪುನಃ ಜೋಡಿಸಬೇಕು. ದಸ್ತಾವೇಜು ದತ್ತಸಂಚಯದಲ್ಲಾದರೋ ಬಿಲ್ಲು ಹೇಗೆ ಬಂದಿತೋ ಹಾಗೆಯೇ ಒಂದೆಡೆ ಕುಳಿತಿರುತ್ತದೆ. ಒಂದೇ ಬಾರಿಗೆ ಕೈಗೆ ಸಿಗುತ್ತದೆ. ಈ ಪದ್ಧತಿಯ ಗುಣವು ಇಲ್ಲಿ ಸ್ಪಷ್ಟವಾಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಇದೇ ಉದಾಹರಣೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಈ ಬಿಲ್ಲಿನಲ್ಲಿ ಯಾವ ಅಂಶಗಳು ಕಡ್ಡಾಯ, ಯಾವುವು ಐಚ್ಛಿಕ, ಯಾವುದು ಸಂಖ್ಯೆ, ಯಾವುದು ಅಕ್ಷರ ಎಂಬುದೆಲ್ಲವೂ ಮೊದಲೇ ಗೊತ್ತುಮಾಡಲ್ಪಟ್ಟಿದೆ. ನಿಯಮಕ್ಕೆ ಹೊಂದದ ಬಿಲ್ಲನ್ನು ನೋಂದಣಿಯ ತಾಣವು ಹಿಂದಿರುಗಿಸುತ್ತದೆ. ಹೊಂದಿದ ಬಿಲ್ಲಿಗೆ ಮಾತ್ರ 64 ಅಕ್ಷರಗಳ ನೋಂದಣಿ ಸಂಖ್ಯೆಯು ದೊರೆಯುತ್ತದೆ. ಅಂದಮೇಲೆ, ದಸ್ತಾವೇಜಿನ ರೂಪದಲ್ಲಿರುವುದು ಬೇರೆ, ರಚನಾನಿಯಮವಿಲ್ಲದಿರುವುದು ಬೇರೆ. ದೇಶದ ಅತಿ ದೊಡ್ಡ ದಸ್ತಾವೇಜು ವ್ಯವಹಾರಗಳಲ್ಲೊಂದು ಅತಿ ಕಟ್ಟುನಿಟ್ಟಾದ ರಚನಾನಿಯಮಕ್ಕೆ ಒಳಪಟ್ಟಿರುವಾಗ, ಈ ಎರಡನ್ನೂ ಒಂದೇ ಎಂಬಂತೆ ಕಲಿಸುವುದು ಯುಕ್ತವಲ್ಲ. ನಿಯಮವನ್ನು ದತ್ತಸಂಚಯವು ನೋಡಿಕೊಳ್ಳದಿದ್ದರೆ ಅದನ್ನು ಬರೆಯುವ ಪ್ರೋಗ್ರಾಮು ನೋಡಿಕೊಳ್ಳಬೇಕು. ಅದೂ ನೋಡಿಕೊಳ್ಳದಿದ್ದರೆ ಓದುವ ಪ್ರತಿಯೊಂದು ಪ್ರೋಗ್ರಾಮೂ ನೋಡಿಕೊಳ್ಳಬೇಕು. ಹೊರೆಯು ಹೆಗಲಿನಿಂದ ಹೆಗಲಿಗೆ ಹೋಗುತ್ತದೆಯೇ ಹೊರತು ಇಳಿಯುವುದಿಲ್ಲ.

ನೋಡಿಕೊಳ್ಳದಿದ್ದರೆ ಆಗುವುದೇನು? ವ್ಯಾಪಾರದ ದತ್ತಾಂಶವನ್ನು ಹಲವು ಪ್ರೋಗ್ರಾಮುಗಳು, ಹಲವು ಶಾಖೆಗಳು, ಹಲವು ವರ್ಷಗಳ ಕಾಲ ಬರೆಯುತ್ತವೆ. ಒಂದು ಶಾಖೆಯ ಪ್ರೋಗ್ರಾಮು ಬಿಲ್ಲಿನ ಮೊತ್ತವನ್ನು ಸಂಖ್ಯೆಯಾಗಿ ಬರೆಯದೆ ಅಕ್ಷರಮಾಲೆಯಾಗಿ ಬರೆಯಿತೆಂದು ಇಟ್ಟುಕೊಳ್ಳೋಣ. ಮಾಂಗೋಡಿಬಿಯು ಎರಡನ್ನೂ ಸ್ವೀಕರಿಸುತ್ತದೆ. ಆಮೇಲೆ 1000 ರೂಪಾಯಿಗೆ ಮೇಲ್ಪಟ್ಟ ಬಿಲ್ಲುಗಳನ್ನು ಹುಡುಕಿದಾಗ, ಅಕ್ಷರಮಾಲೆಯಾಗಿ ಕುಳಿತಿರುವ 1500 ರೂಪಾಯಿಯ ಬಿಲ್ಲು ಉತ್ತರದಲ್ಲಿ ಬರುವುದಿಲ್ಲ. ಏಕೆಂದರೆ ಇಂಥ ಶೋಧದಲ್ಲಿ ಸಂಖ್ಯೆಯನ್ನು ಸಂಖ್ಯೆಯೊಡನೆ ಮಾತ್ರ ಹೋಲಿಸಲಾಗುತ್ತದೆ. ಒಟ್ಟು ಮೊತ್ತವನ್ನು ಕೇಳಿದರೆ ಕೂಡುವ ಕ್ರಿಯೆಯು ಸಂಖ್ಯೆಯಲ್ಲದುದನ್ನು ಬಿಟ್ಟು ಉಳಿದುದನ್ನು ಕೂಡಿ ಕೊಡುತ್ತದೆ. ಎಚ್ಚರಿಕೆಯ ಮಾತು ಯಾವುದೂ ಕಾಣುವುದಿಲ್ಲ. ಲೆಕ್ಕವು ಕಡಿಮೆ ಬಂದಿರುತ್ತದೆ. ಕಡಿಮೆ ಬಂದಿದೆಯೆಂಬುದು ಯಾರಿಗೂ ತಿಳಿದಿರುವುದಿಲ್ಲ. ಕೆಟ್ಟುನಿಂತ ಯಂತ್ರವು ತನ್ನ ಕೇಡನ್ನು ತಾನೇ ತೋರಿಸಿಕೊಳ್ಳುತ್ತದೆ. ತಪ್ಪು ಮೊತ್ತವು ಸರಿಯಾದ ಮೊತ್ತದ ವೇಷದಲ್ಲಿಯೇ ಮೇಲಧಿಕಾರಿಯ ಮೇಜಿಗೆ ಹೋಗುತ್ತದೆ. ನಮಗೆ ತಿಳಿದ ಪ್ರವೇಶಪಾಠಗಳಲ್ಲಿ ಈ ಒಂದು ವಿಷಯಕ್ಕೆ ದೊರೆತಿರುವ ಸ್ಥಳವು ಅತ್ಯಲ್ಪ.

ಹಣದ ಬೆಲೆಯನ್ನು ಬರೆಯುವ ವಿಷಯವೂ ಹೀಗೆಯೇ. ಸಾಮಾನ್ಯವಾದ ದ್ವಿಮಾನ ದಶಾಂಶಸಂಖ್ಯೆಯಲ್ಲಿ 0.1ಕ್ಕೆ 0.2ನ್ನು ಕೂಡಿದರೆ ಸರಿಯಾಗಿ 0.3 ಬರುವುದಿಲ್ಲವೆಂಬುದು ಗಣಕಶಾಸ್ತ್ರದ ಪ್ರಥಮ ಪಾಠಗಳಲ್ಲೊಂದು. ಹಣಕ್ಕೆ ಯೋಗ್ಯವಾದ ದಶಮಾನ ಸಂಖ್ಯಾಜಾತಿಯು ಮಾಂಗೋಡಿಬಿಗೆ ದೊರೆತುದು 2016ರಲ್ಲಿ, 3.4ನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಪೈಸೆಗಳಾಗಿ ಪೂರ್ಣಾಂಕದಲ್ಲಿ ಬರೆಯುವುದೇ ಮೊದಲಾದ ಉಪಾಯಗಳನ್ನು ಅನುಸರಿಸಬೇಕಾಗಿದ್ದಿತು.

ಈಗ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು. ಏಕೆಂದರೆ ದಸ್ತಾವೇಜು ಪದ್ಧತಿಯನ್ನು ಹೊಸ ಯುಗದ ಆವಿಷ್ಕಾರವೆಂದು ಹೊಗಳುವುದು ರೂಢಿಯಾಗಿದೆ. ಐ.ಬಿ.ಎಂ. ಸಂಸ್ಥೆಯು ಅಪೊಲೊ ಚಂದ್ರಯಾನದ ಅಸಂಖ್ಯ ಬಿಡಿಭಾಗಗಳ ಪಟ್ಟಿಯನ್ನು ಹಿಡಿದಿಡಲೆಂದು 1960ರ ದಶಕದಲ್ಲಿ ಐ.ಎಂ.ಎಸ್. ಎಂಬ ದತ್ತಸಂಚಯವನ್ನು ರೂಪಿಸಿತು. ಅದರಲ್ಲಿ ದತ್ತಾಂಶವು ಮರದ ಆಕಾರದಲ್ಲಿ ಒಂದರೊಳಗೊಂದು ಇರುತ್ತಿತ್ತು. ಅದೇ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧವು ಮುಖ್ಯವಾಗಿ ಇಂಥ ವ್ಯವಸ್ಥೆಗಳ ಕೊರತೆಯನ್ನೇ ಕುರಿತದ್ದು. ಬಿಡಿಭಾಗಗಳು ಮತ್ತು ಯೋಜನೆಗಳು ಎಂಬ ಎರಡೇ ವಿಷಯಗಳನ್ನು ಐದು ಬಗೆಯಾಗಿ ಜೋಡಿಸಬಹುದೆಂದು ತೋರಿಸಿ, ಒಂದು ಜೋಡಣೆಯನ್ನು ನಂಬಿ ಬರೆದ ಪ್ರೋಗ್ರಾಮು ಮತ್ತೊಂದರ ಮೇಲೆ ನಡೆಯಲಾರದೆಂದು ಆತನು ಪ್ರತಿಪಾದಿಸಿದನು. ಯೋಜನೆಯೊಳಗೆ ಬಿಡಿಭಾಗಗಳನ್ನು ಇಟ್ಟರೆ, ಈ ಯೋಜನೆಗೆ ಯಾವ ಭಾಗಗಳು ಬೇಕು ಎಂಬ ಪ್ರಶ್ನೆಗೆ ಉತ್ತರವು ಸುಲಭ. ಈ ಭಾಗವು ಯಾವ ಯೋಜನೆಗಳಲ್ಲಿ ಬಳಕೆಯಾಗುತ್ತಿದೆ ಎಂಬ ಪ್ರಶ್ನೆಗೆ ಕಷ್ಟ. ನಮ್ಮ ಬಿಲ್ಲಿಗೂ ಈ ಮಾತು ಹಾಗೆಯೇ ಹೊಂದುತ್ತದೆ. ಒಂದು ಬಿಲ್ಲಿನಲ್ಲಿ ಏನೇನು ಸರಕಿದೆ ಎಂಬುದು ತಟ್ಟನೆ ತಿಳಿಯುತ್ತದೆ. ಒಂದು ಸರಕು ವರ್ಷದಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಮಾರಾಟವಾಯಿತೆಂದು ತಿಳಿಯಬೇಕಾದರೆ ಎಲ್ಲ ಬಿಲ್ಲುಗಳ ಹೊಟ್ಟೆಯನ್ನೂ ಬಗೆದು ನೋಡಬೇಕು. ಇಂದಿನ ದಸ್ತಾವೇಜು ದತ್ತಸಂಚಯಗಳಲ್ಲಿ ಒಳಗಿನ ಅಂಶಗಳಿಗೂ ಸೂಚಿಯನ್ನು ಕಟ್ಟಿಕೊಳ್ಳಬಹುದಾದುದರಿಂದ ಕಷ್ಟವು ಐ.ಎಂ.ಎಸ್.ನ ಕಾಲದಷ್ಟಿಲ್ಲವೆಂಬುದು ನಿಜ. ಆದರೆ ಕಾಡ್ ಎತ್ತಿದ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಅವನ ಪ್ರಬಂಧವನ್ನು ಕೋಷ್ಟಕಗಳ ಅಧ್ಯಾಯದಲ್ಲಿ ಹೆಸರಿಸಿ ಈ ಅಧ್ಯಾಯದಲ್ಲಿ ಮರೆತುಬಿಡುವುದು ವಿಚಿತ್ರವಾಗಿ ತೋರುತ್ತದೆ.

ಒಂದೇ ವಿಷಯವನ್ನು ಎರಡು ಕಡೆ ಬರೆಯುವ ಪ್ರಶ್ನೆಯು ಇಲ್ಲಿಂದಲೇ ಹುಟ್ಟುತ್ತದೆ. ಕೊಂಡವನ ವಿಳಾಸವನ್ನು ಪ್ರತಿ ಬಿಲ್ಲಿನೊಳಗೂ ಬರೆಯಬೇಕೆ, ಗಿರಾಕಿಯ ದಸ್ತಾವೇಜಿನಲ್ಲಿ ಮಾತ್ರ ಬರೆದು ಬಿಲ್ಲಿನಲ್ಲಿ ಅದರ ಸಂಖ್ಯೆಯನ್ನಷ್ಟೇ ಸೂಚಿಸಬೇಕೆ? ಪುಸ್ತಕಗಳು ಇದನ್ನು ವೇಗದ ಪ್ರಶ್ನೆಯೆಂದು ತಿಳಿದು, ಒಳಗಿಟ್ಟರೆ ಓದು ಬೇಗ, ಹೊರಗಿಟ್ಟರೆ ತಿದ್ದುಪಡಿ ಸುಲಭ ಎಂದು ಹೇಳಿ ಮುಗಿಸುತ್ತವೆ. ವಾಸ್ತವವಾಗಿ ಇದು ಅರ್ಥದ ಪ್ರಶ್ನೆ. ಗಿರಾಕಿಯು ಮುಂದಿನ ವರ್ಷ ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋದರೆ, ಕಳೆದ ವರ್ಷದ ಬಿಲ್ಲಿನ ವಿಳಾಸವು ಬದಲಾಗಕೂಡದು. ಆ ದಿನ ಸರಕು ಹೋದುದು ಹುಬ್ಬಳ್ಳಿಗೇ. ಇಲ್ಲಿ ಎರಡು ಕಡೆ ಬರೆಯುವುದೇ ಸತ್ಯಕ್ಕೆ ಅನುಗುಣ. ಅದೇ ಗಿರಾಕಿಗೆ ಎಷ್ಟು ರೂಪಾಯಿಯವರೆಗೆ ಸಾಲ ಕೊಡಬಹುದೆಂಬ ಮಿತಿಯನ್ನು ಹತ್ತು ಕಡೆ ಬರೆದರೆ, ಒಂಬತ್ತು ಕಡೆ ತಿದ್ದಿ ಹತ್ತನೆಯದನ್ನು ಮರೆಯುವ ದಿನ ಬಂದೇ ಬರುತ್ತದೆ. ಯಾವುದು ಆ ಕ್ಷಣದ ದಾಖಲೆ, ಯಾವುದು ಇಂದಿನ ಸ್ಥಿತಿ ಎಂಬ ವಿವೇಕವು ಗಣಕಯಂತ್ರದಿಂದ ಬರತಕ್ಕದ್ದಲ್ಲ. ಅಂಗಡಿಯ ವ್ಯವಹಾರವನ್ನು ಬಲ್ಲವನಿಂದ ಬರತಕ್ಕದ್ದು. ನಮ್ಮ ಹಳೆಯ ವರ್ತಕರು ಕಿರ್ದಿಯನ್ನೂ ಖತಾವಣಿಯನ್ನೂ ಬೇರೆಬೇರೆಯಾಗಿ ಇಟ್ಟಿದ್ದರಷ್ಟೆ. ದಿನದ ವ್ಯವಹಾರವು ನಡೆದ ಕ್ರಮದಲ್ಲಿಯೇ ಕಿರ್ದಿಗೆ ಬೀಳುತ್ತಿತ್ತು. ಅಲ್ಲಿಂದ ಆಯಾ ಹೆಸರಿನ ಖಾತೆಗೆ ಏರುತ್ತಿತ್ತು. ಒಂದೇ ಬಾಬು ಎರಡು ಕಡೆ ಇರುತ್ತಿತ್ತು, ನಿಜ. ಆದರೆ ಎರಡನ್ನೂ ತಾಳೆ ನೋಡದೆ ಲೆಕ್ಕ ಮುಗಿಯುತ್ತಿರಲಿಲ್ಲ. ತಾಳೆ ನೋಡುವ ಏರ್ಪಾಡನ್ನು ಹೇಳದೆ ಎರಡು ಕಡೆ ಬರೆಯಲು ಮಾತ್ರ ಕಲಿಸುವ ಪುಸ್ತಕವು ಅರ್ಧ ವಿದ್ಯೆಯನ್ನು ಕಲಿಸಿದಂತೆ.

ಗಿರಾಕಿಯ ದಸ್ತಾವೇಜಿನೊಳಗೇ ಅವನ ಬಿಲ್ಲುಗಳನ್ನೆಲ್ಲ ತುಂಬುವ ಮಾದರಿಯನ್ನೂ ಕೆಲವು ಪಾಠಗಳಲ್ಲಿ ಕಾಣುತ್ತೇವೆ. ಮಾಂಗೋಡಿಬಿಯಲ್ಲಿ ಒಂದು ದಸ್ತಾವೇಜು 16 ಮೆಗಾಬೈಟನ್ನು ಮೀರುವಂತಿಲ್ಲ. ವ್ಯಾಪಾರವು ಬೆಳೆದಂತೆಲ್ಲ ಬೆಳೆಯುವ ಪಟ್ಟಿಯನ್ನು ಇಂಥ ಪಾತ್ರೆಯಲ್ಲಿ ಇಡುವುದು, ಒಳ್ಳೆಯ ಗಿರಾಕಿಯಿಂದಲೇ ಮೊದಲು ತೊಂದರೆ ಬರುವಂತೆ ಏರ್ಪಡಿಸಿಕೊಂಡ ಹಾಗೆ.

ಬೃಹತ್ಪ್ರಮಾಣದ ವಿಷಯಕ್ಕೆ ಬಂದರೆ, ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚುವ ಕ್ರಮವನ್ನು ಪುಸ್ತಕಗಳು ಕೊನೆಯ ಅಧ್ಯಾಯಕ್ಕೆ ತಳ್ಳಿರುತ್ತವೆ. ಸೆಮಿಸ್ಟರಿನ ಕೊನೆಯ ವಾರದಲ್ಲಿ ಆ ಅಧ್ಯಾಯದ ಗತಿ ಏನಾಗುತ್ತದೆಂಬುದು ಅಧ್ಯಾಪಕರಿಗೆ ತಿಳಿದೇ ಇದೆ. ಹಂಚಿಕೆಯು ಒಂದು ಕೀಲಿಯನ್ನು ಅವಲಂಬಿಸಿರುತ್ತದೆ. ಬಿಲ್ಲಿನ ದಿನಾಂಕವನ್ನು ಹಾಗೆಯೇ ಕೀಲಿಯಾಗಿ ಆರಿಸಿದರೆ ಇಂದಿನ ಬಿಲ್ಲುಗಳೆಲ್ಲ ಒಂದೇ ಯಂತ್ರಕ್ಕೆ ಹೋಗಿ ಬೀಳುತ್ತವೆ. ಉಳಿದವು ಕೈಕಟ್ಟಿ ಕುಳಿತಿರುತ್ತವೆ. ರಾಜ್ಯದ ಸಂಕೇತವನ್ನು ಆರಿಸಿದರೆ, ಅಂಥ ಸಂಕೇತಗಳು ದೇಶದಲ್ಲಿ ಸುಮಾರು ನಲವತ್ತು ಮಾತ್ರ. ಕರ್ನಾಟಕದ ಸಂಕೇತವಾದ 29ರ ಬಿಲ್ಲುಗಳು ಎಷ್ಟೇ ಕೋಟಿಯಾದರೂ ಅವನ್ನು ಮತ್ತೆ ಒಡೆಯಲಾಗುವುದಿಲ್ಲ. 64 ಅಕ್ಷರಗಳ ನೋಂದಣಿ ಸಂಖ್ಯೆಯನ್ನು ಆರಿಸಿದರೆ ಹಂಚಿಕೆಯು ಸಮನಾಗುತ್ತದೆ. ಆದರೆ ಒಬ್ಬ ವರ್ತಕನ ಒಂದು ತಿಂಗಳ ಬಿಲ್ಲುಗಳನ್ನು ಕೇಳಿದಾಗ ಎಲ್ಲ ಯಂತ್ರಗಳ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ಸಾರ್ವತ್ರಿಕವಾದ ಉತ್ತರವಿಲ್ಲ. ಯಾವ ಪ್ರಶ್ನೆಯನ್ನು ಹೆಚ್ಚಾಗಿ ಕೇಳಲಾಗುವುದೆಂಬುದನ್ನು ಮೊದಲು ತಿಳಿಯಬೇಕು. 2021ರ 5.0ನೆಯ ಆವೃತ್ತಿಯವರೆಗೆ ಒಮ್ಮೆ ಆರಿಸಿದ ಕೀಲಿಯನ್ನು ಪೂರ್ತಿಯಾಗಿ ಬದಲಿಸುವ ನೇರವಾದ ಮಾರ್ಗವೇ ಇರಲಿಲ್ಲವೆಂಬುದನ್ನು ನೆನೆದರೆ, ಈ ವಿಷಯವು ಕೊನೆಯ ಅಧ್ಯಾಯಕ್ಕೆ ಸೇರತಕ್ಕದ್ದಲ್ಲವೆಂಬುದು ಮನದಟ್ಟಾಗುತ್ತದೆ.

ಬರೆದುದು ನಿಜವಾಗಿ ಉಳಿದಿದೆಯೆ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಬೇಕು. 2012ರ ಕೊನೆಯ ಭಾಗದವರೆಗೆ ಮಾಂಗೋಡಿಬಿಗೆ ಬರೆಯುವ ಪ್ರೋಗ್ರಾಮು, ಬೇರೆಯಾಗಿ ಕೇಳಿಕೊಳ್ಳದ ಹೊರತು, ಬರೆದುದು ತಲಪಿತೆಂಬ ಉತ್ತರಕ್ಕೆ ಕಾಯುತ್ತಿರಲಿಲ್ಲ. ಪ್ರತಿಗಳನ್ನಿಟ್ಟಿರುವ ಯಂತ್ರಗಳಲ್ಲಿ ಬಹುಮತವು ಒಪ್ಪಿದ ಮೇಲೆಯೇ ಬರೆದಂತಾಯಿತೆಂಬುದು ರೂಢಿಯ ನಿಯಮವಾದುದೂ 5.0ನೆಯ ಆವೃತ್ತಿಯಲ್ಲಿಯೇ. ಹಳೆಯ ಪಾಠಗಳಲ್ಲಿ ಓದಿದ ವೇಗದ ಅಂಕಿಗಳನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡತಕ್ಕದ್ದು.

ಈ ಆಕ್ಷೇಪಣೆಗಳಿಗೆ, ತಂತ್ರಾಂಶವು ಈಗ ಬಹಳ ಸುಧಾರಿಸಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಸುಧಾರಿಸಿರುವುದು ಹೌದು. ದಸ್ತಾವೇಜನ್ನು ಪರೀಕ್ಷಿಸುವ ನಿಯಮಗಳೂ ಎರಡು ಸಂಗ್ರಹಗಳನ್ನು ಬೆಸೆಯುವ ಕ್ರಿಯೆಯೂ 2015ರಲ್ಲಿ ಬಂದವು. ಹಲವು ದಸ್ತಾವೇಜುಗಳನ್ನು ಒಟ್ಟಿಗೆ ಬದಲಿಸುವ, ಇಲ್ಲವೆ ಒಂದನ್ನೂ ಬದಲಿಸದಿರುವ ಟ್ರಾನ್ಸಾಕ್ಷನ್ ಸೌಕರ್ಯವು 2018ರಲ್ಲಿ ಬಂದಿತು. ಈ ಸುಧಾರಣೆಗಳೇ ನಮ್ಮ ವಾದಕ್ಕೆ ಪುಷ್ಟಿಯನ್ನು ಕೊಡುತ್ತವೆ. ಬೇಡವೆಂದು ಬಿಟ್ಟುಬಂದುದನ್ನೆಲ್ಲ ಅನುಭವವು ಒಂದೊಂದಾಗಿ ಹಿಂದಕ್ಕೆ ಕರೆಸಿಕೊಂಡಿದೆ. ಅತ್ತ ಕೋಷ್ಟಕಗಳ ಪಕ್ಷದ ಪೋಸ್ಟ್‌ಗ್ರೆಸ್ 2014ರಲ್ಲಿಯೇ ಜೇಸನ್ ದಸ್ತಾವೇಜನ್ನು ಸೂಚಿಸಹಿತವಾಗಿ ತನ್ನೊಳಗೆ ಇಟ್ಟುಕೊಂಡಿತು. ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯು ತನ್ನ ಲೇಖನಗಳ ಸಂಚಯವನ್ನು ಮಾಂಗೋಡಿಬಿಯಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸಿದ ಸಂಗತಿಯನ್ನು 2018ರಲ್ಲಿ ಪ್ರಕಟಿಸಿದಾಗ, ದಸ್ತಾವೇಜು ಪದ್ಧತಿಯೇ ಸೋತಿತೆಂದು ಕೆಲವರು ಅರ್ಥಮಾಡಿದರು. ಆದರೆ ಆ ಪತ್ರಿಕೆಯು ಬಿಟ್ಟುದು ಒಂದು ತಂತ್ರಾಂಶವನ್ನು. ಲೇಖನವನ್ನು ಜೇಸನ್ ದಸ್ತಾವೇಜಾಗಿ ಇಡುವ ಕ್ರಮವನ್ನು ಹೊಸ ಮನೆಯಲ್ಲಿಯೂ ಉಳಿಸಿಕೊಂಡಿತು.

ಪರೀಕ್ಷಾನಿಯಮಗಳ ವಿಷಯದಲ್ಲಿ ಒಂದು ಮಾತನ್ನು ಹೇಳಬೇಕು. ತುಂಬಿದ ಸಂಗ್ರಹಕ್ಕೆ ಅವನ್ನು ತಡವಾಗಿ ಹಾಕಿದರೆ, ಮೊದಲೇ ಒಳಗಿರುವ ಕೆಟ್ಟ ದಸ್ತಾವೇಜುಗಳು ಮುಟ್ಟಿ ತಿದ್ದುವವರೆಗೂ ಹಾಗೆಯೇ ಉಳಿಯುತ್ತವೆ. ಆದುದರಿಂದ ಬೋಧನೆಯಲ್ಲಿ ಈ ನಿಯಮಗಳ ಸ್ಥಾನವು ಮೊದಲ ವಾರ.

ಪ್ರಯೋಗಾಲಯದ ಮೊದಲ ಅಭ್ಯಾಸವಾಗಿ ಖಾಲಿಯಾದ ಸಂಗ್ರಹವನ್ನು ಕೊಟ್ಟು ಅದರಲ್ಲಿ ಏನನ್ನಾದರೂ ಬರೆಯಿರೆಂದು ಹೇಳುವುದಕ್ಕೆ ಬದಲಾಗಿ, ತುಂಬಿದ ಸಂಗ್ರಹವನ್ನು ಕೊಡುವುದು ಮೇಲೆಂದು ನಾವು ಸೂಚಿಸುತ್ತೇವೆ. ಅದರಲ್ಲಿ ಹತ್ತು ಸಾವಿರ ಕಲ್ಪಿತ ಬಿಲ್ಲುಗಳಿರಲಿ. ಮುನ್ನೂರರಲ್ಲಿ ಮೊತ್ತವು ಅಕ್ಷರಮಾಲೆಯಾಗಿರಲಿ, ಕೆಲವದರಲ್ಲಿ ಮೊತ್ತದ ಹೆಸರೇ ಬೇರೆಯಾಗಿರಲಿ, ಇನ್ನು ಕೆಲವದರಲ್ಲಿ ಮೊತ್ತವೇ ಇಲ್ಲದಿರಲಿ. ವರ್ಷದ ಒಟ್ಟು ಮಾರಾಟವೆಷ್ಟೆಂದು ವಿದ್ಯಾರ್ಥಿಗಳನ್ನು ಕೇಳಿ, ಅವರು ಕೊಟ್ಟ ಉತ್ತರದ ಪಕ್ಕದಲ್ಲಿ ಸರಿಯಾದ ಮೊತ್ತವನ್ನು ಬರೆದು ತೋರಿಸಿ, ನಡುವಿನ ಅಂತರವು ಎಲ್ಲಿಂದ ಬಂದಿತೆಂಬುದನ್ನು ಅವರಿಂದಲೇ ಹುಡುಕಿಸಬೇಕು. ಎರಡು ಗಂಟೆಯ ಒಂದು ತರಗತಿ ಇದಕ್ಕೆ ಸಾಕಾಗುತ್ತದೆ. ಸೇರಿಸುವ ಮತ್ತು ಅಳಿಸುವ ಆಜ್ಞೆಗಳನ್ನು ಎರಡನೆಯ ತರಗತಿಗೆ ಇಟ್ಟುಕೊಳ್ಳಬಹುದು.