ರಾಮಗೋಪಾಲರ ಅಭಿನಯವೂ ಗ್ರಂಥರಚನೆಯೂ

ಬೆಂಗಳೂರಿನಲ್ಲಿ 1912ರಲ್ಲಿ ಜನಿಸಿ, ಆಂಗ್ಲದೇಶವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡು, 2003ರಲ್ಲಿ ಅಲ್ಲಿಯೇ ಕಾಲವಾದ ರಾಮಗೋಪಾಲರು ನರ್ತಕರೆಂದು ಲೋಕಪ್ರಸಿದ್ಧರು. ಆದರೆ ಅವರ ಚಲಚ್ಚಿತ್ರಾಭಿನಯವನ್ನೂ ಗ್ರಂಥರಚನೆಯನ್ನೂ ನೃತ್ಯದೊಡನೆ ಸೇರಿಸಿ ವಿಚಾರಿಸಿದಲ್ಲದೆ ಆ ಜೀವಿತದ ತಾರತಮ್ಯವು ವಿಶದವಾಗದು.

ಇಲ್ಲಿ ಪೂರ್ವಪಕ್ಷವೊಂದುಂಟು. ಪರದೇಶದ ಪ್ರೇಕ್ಷಕರ ರುಚಿಯನ್ನನುಸರಿಸಿ ನಡೆದವನ ಕಲೆಯು ಸಂಪ್ರದಾಯದಿಂದ ಜಾರುವುದು. ತೆರೆಯ ಮೇಲೆ ದೊರೆತ ಪಾತ್ರಗಳೂ ಅಲ್ಪವಾದುವು. ಆದುದರಿಂದ ಶಾಸ್ತ್ರದೃಷ್ಟಿಗೆ ಈ ಜೀವಿತದಲ್ಲಿ ಗ್ರಾಹ್ಯಾಂಶವು ಸ್ವಲ್ಪವೇ ಎಂಬುದು ಆ ಪಕ್ಷ.

ಮೊದಲು ಶಿಕ್ಷಣವನ್ನು ನೋಡತಕ್ಕದ್ದು. ರಾಮಗೋಪಾಲರು ಕಥಕಳಿಯನ್ನು ಕುಂಜು ಕುರುಪ್ಪರಲ್ಲಿಯೂ, ಭರತನಾಟ್ಯವನ್ನು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿಯೂ ಅಭ್ಯಾಸಮಾಡಿದರು. ಅಮೆರಿಕದ ನರ್ತಕಿ ಲಾ ಮೆರಿಯೊಡನೆ ದೇಶಾಂತರ ಸಂಚರಿಸಿದರು. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ನರ್ತಿಸಿದರು. ಇಂತಹ ಗುರುಗಳ ಬಳಿ ಕಲಿತವರನ್ನು ಸಂಪ್ರದಾಯಬಾಹ್ಯರೆನ್ನುವುದು ಸಾಹಸವೇ ಸರಿ.

ಇನ್ನು ಚಲಚ್ಚಿತ್ರ. 1952ರ ‘ದಿ ಪ್ಲಾಂಟರ್ಸ್ ವೈಫ್’ ಮಲಯದ ರಬ್ಬರ್ ತೋಟದ ಕಥೆ. ಅದರಲ್ಲಿ ಅವರದು ನಾಯರ್ ಎಂಬ ಪಾತ್ರ. ಹೆಸರು ಕಥಕಳಿಯ ನಾಡಿನದು; ಕಥಕಳಿಗೆ ಮಾತ್ರ ಅಲ್ಲಿ ಅವಕಾಶವಿಲ್ಲ. 1954ರ ‘ದಿ ಪರ್ಪಲ್ ಪ್ಲೇನ್’ ಎರಡನೆಯ ಮಹಾಯುದ್ಧಕಾಲದ ಬರ್ಮಾದ ಕಥೆ. ಬರ್ಮಾ ಅವರ ತಾಯಿಯ ಕುಲದ ದೇಶ. ಅಲ್ಲಿಯೂ ಗ್ರೆಗರಿ ಪೆಕ್ಕನ ನಾಯಕಪಾತ್ರದ ಪಕ್ಕದಲ್ಲಿ ಇವರದು ಸಣ್ಣ ಪಾತ್ರವೇ.

ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಭಾಗಿಸಿರುವನು. ರಾಮಗೋಪಾಲರ ಸಿದ್ಧಿಯು ಆಂಗಿಕದಲ್ಲಿ. ಮೇಲಣ ಚಿತ್ರಗಳಲ್ಲಿಯೋ ವಾಚಿಕವೇ ಪ್ರಧಾನ. ಆಹಾರ್ಯವು ಅನ್ಯರ ಅಧೀನ. ಇದಲ್ಲದೆ ಯಂತ್ರದೃಷ್ಟಿಯು ಒಮ್ಮೆ ಮುಖವನ್ನು, ಒಮ್ಮೆ ಹಸ್ತವನ್ನು ಬೇರ್ಪಡಿಸಿ ತೋರಿಸುವುದು. ಹಸ್ತ, ದೃಷ್ಟಿ, ಪಾದಗಳ ಪರಸ್ಪರಾನುಬಂಧವೇ ನೃತ್ಯದ ಜೀವ. ಬೈರಕೂರಿನ ಸುತ್ತಣ ಕೋಲಾರ ಸೀಮೆಯಲ್ಲಿ ಕೇಳಿಕೆಯನ್ನು ನೋಡಿ ಬಲ್ಲ ಗ್ರಾಮಸ್ಥನೂ ಈ ಭೇದವನ್ನು ಅರಿಯುವನು: ಅವನು ವೇಷಧಾರಿಯನ್ನು ಅಡಿಯಿಂದ ಮುಡಿಯವರೆಗೆ ಒಂದಾಗಿ ನೋಡುವನು. ಸಾರಾ ಎರುಲ್ಕರರು ನಿರ್ದೇಶಿಸಿದ ‘ಲಾರ್ಡ್ ಶಿವ ಡಾನ್ಸ್ಡ್’ ಎಂಬ ಕಿರುಚಿತ್ರದಲ್ಲಿ ನೃತ್ಯವೇ ವಿಷಯವಾದುದರಿಂದ ನರ್ತಕನು ನರ್ತಕನಾಗಿಯೇ ಉಳಿದನು. ಆದಕಾರಣ ದೋಷವು ನಟನದಲ್ಲ; ನಟನ ಶಕ್ತಿಯನ್ನರಿಯದೆ ಪಾತ್ರವನ್ನು ಹಂಚಿದವರದು.

ತೆರೆಯು ನಿರಾಕರಿಸಿದುದನ್ನು ಲೇಖನಿಯು ಒದಗಿಸಿತು. 1951ರಲ್ಲಿ ಸೆರೋಜ್ ದಾದಾಚಾಂಜಿಯವರೊಡನೆ ‘ಇಂಡಿಯನ್ ಡಾನ್ಸಿಂಗ್’ ಎಂಬ ಗ್ರಂಥವನ್ನೂ, 1957ರಲ್ಲಿ ‘ರಿದಮ್ ಇನ್ ದಿ ಹೆವೆನ್ಸ್’ ಎಂಬ ಆತ್ಮಕಥೆಯನ್ನೂ ಅವರು ಪ್ರಕಟಿಸಿದರು. ಒಂದು ಲಕ್ಷಣಗ್ರಂಥದ ಪಕ್ಷದ್ದು, ಇನ್ನೊಂದು ಲಕ್ಷ್ಯದ ಪಕ್ಷದ್ದು. ಅನ್ಯರು ಬರೆದ ಮಾತನ್ನಾಡುವ ನಟನಿಗೆ ಸ್ವಾತಂತ್ರ್ಯವಿಲ್ಲ. ತನ್ನ ವಿದ್ಯೆಯನ್ನು ತಾನೇ ನಿರೂಪಿಸುವ ಗ್ರಂಥಕಾರನಿಗೆ ಅದುಂಟು. ಎರಡೂ ಆಂಗ್ಲಭಾಷೆಯಲ್ಲಿರುವುದು ಕನ್ನಡಿಗರಿಗೆ ಕೊರತೆಯೇ. ಆದರೂ ಪರದೇಶದ ಪ್ರೇಕ್ಷಕನಿಗೆ ಅವನ ನುಡಿಯಲ್ಲಿಯೇ ತಿಳಿಸಿ, ಅವನನ್ನು ಸಹೃದಯನನ್ನಾಗಿ ಮಾಡುವ ಕಾರ್ಯವು ನರ್ತಕನದೂ ಆಗಿತ್ತೆಂಬುದನ್ನು ಮರೆಯಲಾಗದು.

1990ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅವರನ್ನು ಫೆಲೋ ಆಗಿ ಗೌರವಿಸಿತು. 1999ರಲ್ಲಿ ಬ್ರಿಟಿಷ್ ಸರ್ಕಾರವು ಬಿರುದನ್ನಿತ್ತಿತು. ಪಾತ್ರಗಳು ಅಲ್ಪವೆಂಬ ಪೂರ್ವಪಕ್ಷದ ಮಾತು ಸತ್ಯ. ಅದರಿಂದ ಕಲಾವಿದನೂ ಅಲ್ಪನೆಂಬ ನಿಗಮನವು ಮಾತ್ರ ಅಸಿದ್ಧ. ಪರದೇಶದಲ್ಲಿ ದುಡಿದ ನಟನಟಿಯರ ಬೆಲೆಯನ್ನು ತೆರೆಯ ಪಾತ್ರಗಳಿಂದ ಮಾತ್ರವೇ ಅಳೆಯಕೂಡದು. ಅವರು ರಂಗದಲ್ಲಿ ಮಾಡಿದುದನ್ನೂ ಬರೆದಿಟ್ಟುದನ್ನೂ ಒಟ್ಟಿಗೆ ತೂಗತಕ್ಕದ್ದು.