ರೈಲು ಬಂದದೆ, ರೈಲು ಬಂದಿತ್ತು

ಮೊದಲ್ನೇ ಕಂಪನಿಯಲ್ಲಿ ಕ್ಲೈಂಟ್‌ಗೆ ಒಂದು ಮೇಲ್ ಬರೆದಿದ್ದೆ: 'ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್‌ಡೇ.' ಟೀಮ್ ಲೀಡ್ ಅದನ್ನ ಎಲ್ಲರ ಮುಂದೆ ಓದಿ, "ಸರಿ, ಆಮೇಲೇನಾಯ್ತು?" ಅಂತ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕರು ಅಂತ ಅರ್ಥ ಆಗಿದ್ದು ಎರಡು ವರ್ಷದ ಮೇಲೆ. ಆ ಎರಡು ವರ್ಷ ಮೀಟಿಂಗ್‌ನಲ್ಲಿ ಬಾಯೇ ಬಿಡಲಿಲ್ಲ.

ಮನೇಲಿ ರೆನ್ ಅಂಡ್ ಮಾರ್ಟಿನ್ ಇತ್ತು. 'ಬೋ ಜೆಸ್ಟ್' ಕಾದಂಬರಿ ಬರೆದ ಪಿ.ಸಿ. ರೆನ್ ಅವರೇ ಈ ರೆನ್. ಪುಸ್ತಕದ ನಿಯಮ ಒಂದೂ ಸುಳ್ಳಲ್ಲ. 'ಯೆಸ್ಟರ್‌ಡೇ' ಜೊತೆ 'ಹ್ಯಾವ್' ಹಾಕಬೇಡ ಅನ್ನುತ್ತೆ. ಹಾಕೋದು ತಪ್ಪು, ನಿಜ. ಆದ್ರೆ ಮಂಡ್ಯದ ಹುಡುಗ ಯಾಕೆ ಹಾಕ್ತಾನೆ ಅನ್ನೋ ಪ್ರಶ್ನೆ ಆ ಪುಸ್ತಕಕ್ಕೆ ಬರೋದೇ ಇಲ್ಲ. ನಮ್ಮ ಮೇಷ್ಟ್ರುಗಳೂ ಅದನ್ನೇ ಹಿಡಿದರು. "ಕನ್ನಡದಲ್ಲಿ ಯೋಚ್ನೆ ಮಾಡಬೇಡಿ" ಅಂದ್ರು. ನನ್ನ ತಕರಾರು ಇಲ್ಲೇ ಇರೋದು.

ಮದ್ದೂರು ಸ್ಟೇಷನ್‌ನಲ್ಲಿ ನಿಂತು ನೋಡಿ. "ರೈಲು ಬಂದದೆ" ಅಂದ್ರೆ ಓಡಬೇಕು, ರೈಲು ಇನ್ನೂ ಅಲ್ಲೇ ನಿಂತಿದೆ. ಇದೇ 'ಹ್ಯಾಸ್ ಕಮ್'. "ಆಗ್ಲೇ ಬಂದಿತ್ತು ಕನಪ್ಪ" ಅಂದ್ರೆ ಓಡೋದು ದಂಡ, ಬಂದು ಹೋಗಿದೆ. ಈ ವ್ಯತ್ಯಾಸ ನಮ್ಮ ಅವ್ವನಿಗೂ ಗೊತ್ತು, ವಡೆ ಮಾರೋನಿಗೂ ಗೊತ್ತು. ಎಡವಟ್ಟಾಗೋದು ಎರಡನೇದರಲ್ಲಿ. ಕನ್ನಡದ 'ಬಂದಿತ್ತು' ಒಂದೇ ನಿಲ್ಲುತ್ತೆ. ಇಂಗ್ಲಿಷಿನ 'ಹ್ಯಾಡ್ ಕಮ್'ಗೆ ಸಾಮಾನ್ಯವಾಗಿ ಜೊತೆಗೊಂದು ಆಸರೆ ಬೇಕು: ನಾನು ಹೋಗೋ ಹೊತ್ತಿಗೆ ರೈಲು ಬಂದಿತ್ತು. ಆಸರೆ ಇಲ್ದಿದ್ರೆ ಬರೀ 'ಕೇಮ್' ಸಾಕು. ನಾನು 'ಕಳ್ಸಿದ್ದೆ' ಅನ್ನೋದನ್ನ ಹಾಗೇ ಎತ್ತಿಟ್ಟಿದ್ದೆ. ಅದು ದಡ್ಡತನ ಅಲ್ಲ, ಕನ್ನಡದ ಲೆಕ್ಕ.

ಇನ್ನು ಗೋ–ವೆಂಟ್–ಗಾನ್. ಮಗ್ಗಿ ಥರ ಬಾಯಿಪಾಠ ಮಾಡಿಸಿದ್ರು. ನಮ್ಮಲ್ಲೂ ಹೋಗು–ಹೋದ–ಹೋಗಿ, ತಿನ್ನು–ತಿಂದ–ತಿಂದು ಇದೆ ಅಂತ ಒಬ್ಬರೂ ಹೇಳಲಿಲ್ಲ. ಮೂರನೇದಕ್ಕೆ ನಮ್ಮ ವ್ಯಾಕರಣ ಅವ್ಯಯ ಕೃದಂತ ಅನ್ನುತ್ತೆ. ಇಂಗ್ಲಿಷಿನ ಮೂರನೇ ರೂಪಕ್ಕೂ ಇದಕ್ಕೂ ಎಲ್ಲಾ ಕಡೆ ಸರಿಹೊಂದಲ್ಲ, ಆದ್ರೆ ಇಲ್ಲಿ ಕೆಲ್ಸ ಒಂದೇ. 'ಹೋಗಿ ಇವ್ನಿ' ಸೇರಿ 'ಹೋಗಿವ್ನಿ' ಆಯ್ತು. 'ಹೋದ ಇವ್ನಿ' ಅಂತ ಮಳವಳ್ಳಿಯ ಯಾವ ಮಗುವೂ ಅನ್ನಲ್ಲ. 'ಐ ಹ್ಯಾವ್ ವೆಂಟ್' ಅಂದ್ರೆ ಅದೇ ಕಥೆ.

'ಡಿಡ್ ನಾಟ್ ವೆಂಟ್' ಅಂತೂ ಇನ್ನೂ ಸುಲಭ. 'ಹೋದೆ' ಅಂತೀವಿ, ಆದ್ರೆ ಇಲ್ಲ ಅನ್ನುವಾಗ 'ಹೋದೆನಿಲ್ಲ' ಅನ್ನಲ್ಲ, 'ಹೋಗ್ನಿಲ್ಲ' ಅಂತೀವಿ. 'ಇಲ್ಲ' ಬಂದ ಕೂಡ್ಲೆ 'ಹೋದ' ಹಿಂದೆ ಸರಿದು 'ಹೋಗು' ಬರುತ್ತೆ. 'ಡಿಡ್ ನಾಟ್' ಬಂದ್ರೆ 'ವೆಂಟ್' ಸರಿದು 'ಗೋ' ಬರುತ್ತೆ. ಎರಡು ನಿಮಿಷದ ಪಾಠ.

ಎಲ್ಲಾ ಕಡೆ ಕನ್ನಡ ಕೈ ಹಿಡಿಯಲ್ಲ. 'ಎರಡು ವರ್ಷದಿಂದ ಕೆಲ್ಸ ಮಾಡ್ತಾ ಇವ್ನಿ' ಅನ್ನೋದನ್ನ 'ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್' ಅಂತೀವಿ. ಅಲ್ಲಿ 'ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್' ಅನ್ನಬೇಕು. ಇಲ್ಲಿ ದಾರಿ ಬೇರೆ ಅಂತ ತೋರಿಸೋಕಾದ್ರೂ ಮೊದಲು ನಮ್ಮ ದಾರಿ ಗೊತ್ತಿರಬೇಕಲ್ವಾ?

2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಪಾಠ ಇದೆ. ಬೇಗ ಶುರು ಮಾಡಿದ್ದು ಒಳ್ಳೇದೇ. ಆದ್ರೆ ಮಗು ಹೊತ್ತು ತಂದ ವ್ಯಾಕರಣವನ್ನ ಬಾಗಿಲಲ್ಲೇ ಚಪ್ಪಲಿ ಥರ ಬಿಡಿಸಿದ್ರೆ ಎಷ್ಟು ವರ್ಷ ಕಲಿಸಿಯೂ ಅದು ಮಗ್ಗಿಯಾಗೇ ಉಳಿಯುತ್ತೆ.

ಮಳವಳ್ಳಿಯಲ್ಲಿರೋ ಅಕ್ಕನ ಮಗ ಮೊನ್ನೆ ಫೋನಲ್ಲಿ, "ಮಾವ, ಐ ಹ್ಯಾವ್ ಕೇಮ್ ಫ್ರಮ್ ಸ್ಕೂಲ್" ಅಂದ. ನಾನು ನಗಲಿಲ್ಲ. "ಬಂದ ಇವ್ನಿ ಅಂತೀಯೇನ್ಲಾ?" ಅಂದೆ. ಒಂದು ಗಳಿಗೆ ಸುಮ್ಮನಿದ್ದು, ಅವನೇ ಸರಿ ಮಾಡಿಕೊಂಡ.