ಸ್ಕೋಫೀಲ್ಡ್ಸ್‌: ಹಳಿಯ ಪಕ್ಕದ ಹೊಲಗಳ ಊರು

ಸಿಡ್ನಿಯ ವಾಯವ್ಯ ಅಂಚಿನಲ್ಲಿರುವ ಸ್ಕೋಫೀಲ್ಡ್ಸ್‌ನ ಚರಿತ್ರೆಯನ್ನು ರೂಪಿಸಿದ ಶಕ್ತಿಗಳಲ್ಲಿ ರೈಲುಹಳಿಗೆ ಮೊದಲ ಗೌರವ ಸಲ್ಲಬೇಕು. ಮೂಲನಿವಾಸಿ ದಾರುಗ್ ಜನರ ನೆಲವಾಗಿದ್ದ ಈ ಪ್ರದೇಶದ ಮೂಲಕ 1864ರಲ್ಲಿ ಬ್ಲ್ಯಾಕ್‌ಟೌನ್‌ನಿಂದ ರಿಚ್‌ಮಂಡ್‌ಗೆ ರೈಲು ಹೊರಟಾಗ, ಹಾಕ್ಸ್‌ಬರಿ ನದಿ ಬಯಲಿನ ಬೆಳೆಗೆ ನಗರದ ಮಾರುಕಟ್ಟೆ ಹತ್ತಿರವಾಯಿತು. ಹಳಿಯ ಎರಡೂ ಬದಿಯಲ್ಲಿ ಹೈನುಗಾರಿಕೆ, ಹಣ್ಣಿನ ತೋಟ, ಕೋಳಿ ಸಾಕಣೆಗಳು ಬೆಳೆದವು.

ಈ ಮಾರ್ಗದ ವಿಶೇಷವೆಂದರೆ ಅದರ ಒಂಟಿ ಹಳಿ, ಅಂದರೆ ಎರಡೂ ದಿಕ್ಕಿನ ಗಾಡಿಗಳು ಒಂದೇ ಹಳಿಯನ್ನು ಹಂಚಿಕೊಳ್ಳುವ ವ್ಯವಸ್ಥೆ. ಎದುರಿನ ಗಾಡಿಗೆ ದಾರಿ ಬಿಡಲು ಕೆಲವು ನಿಲ್ದಾಣಗಳಲ್ಲಿ ಮಾತ್ರ ಹಳಿ ಕವಲೊಡೆದು ಮತ್ತೆ ಕೂಡಿಕೊಳ್ಳುತ್ತದೆ. ಅಲ್ಪ ವೆಚ್ಚದ ಈ ಸರಳ ಏರ್ಪಾಡು ನೂರಕ್ಕೂ ಹೆಚ್ಚು ವರ್ಷ ಕೃಷಿಕರನ್ನು ನಗರಕ್ಕೆ ಬೆಸೆದದ್ದು ಮೆಚ್ಚತಕ್ಕ ಸಾಧನೆ. 1975ರಲ್ಲಿ ರಿವರ್‌ಸ್ಟೋನ್‌ವರೆಗೆ ವಿದ್ಯುತ್ ರೈಲು ಬಂದಿತು. 2011ರಲ್ಲಿ ಇದೇ ಮಾರ್ಗದ ಕ್ವೇಕರ್ಸ್ ಹಿಲ್‌ನಿಂದ ಸ್ಕೋಫೀಲ್ಡ್ಸ್‌ವರೆಗೆ ಜೋಡಿ ಹಳಿ ಹಾಸಿ, ಹಳೆಯ ನಿಲ್ದಾಣದಿಂದ ದಕ್ಷಿಣಕ್ಕೆ ಸರಿದು ಹೊಸ ನಿಲ್ದಾಣ ಕಟ್ಟಲಾಯಿತು. ಮುಂದಿನ ಮಾರ್ಗ ಇಂದಿಗೂ ಬಹುಪಾಲು ಒಂಟಿ ಹಳಿಯದೇ.

ಹೊಲಗಳ ಜಾಗದಲ್ಲಿ ಈಗ ಬಡಾವಣೆಗಳೆದ್ದಿವೆ; ಭಾರತದಿಂದ ಬಂದು ನೆಲೆಸಿದ ಅನೇಕ ಕುಟುಂಬಗಳು, ಕನ್ನಡಿಗರವೂ ಸೇರಿ, ಈ ಊರಿನ ಹೊಸ ಜನವಸತಿಯ ಭಾಗವಾಗಿವೆ. ಹಾಲಿಗೂ ಹಣ್ಣಿಗೂ ದಾರಿಯಾಗಿದ್ದ ಹಳಿಯೇ ಅವರನ್ನು ದಿನವೂ ದುಡಿಮೆಗೆ ಒಯ್ಯುವುದರಿಂದ, ಅದರ ಚರಿತ್ರೆಯನ್ನು ಅರಿತು ಮಕ್ಕಳಿಗೆ ತಿಳಿಸುವುದು ಹೊಸ ನಿವಾಸಿಗಳ ಪ್ರೀತಿಯ ಹೊಣೆಯೂ ಹೌದು.